ಮನೆಯಲ್ಲಿರುವ ಮಾತ್ರೆ, ಸಿರಪ್, ಕರ್ಪೂರ: ಮಿತಿ ಮೀರದಂತೆ ನೋಡಿಕೊಳ್ಳುವುದು ಹೇಗೆ, ನಿಷೇಧ ಕೇಳಬೇಕಾದದ್ದು ಯಾವುದಕ್ಕೆ?

ಮಳೆಗಾಲ ಕಾಲಿಟ್ಟು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಡೆಂಗಿ, ಚಿಕುನ್‌ಗುನ್ಯ ಜ್ವರಗಳ ಹಾವಳಿ ಶುರುವಾದಾಗಲೆಲ್ಲ ಓದುಗರಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಜ್ವರದ ಮಾತ್ರೆಯನ್ನು, ಅಂದರೆ ಪ್ಯಾರಾಸಿಟಮಾಲನ್ನು, ದಿನಕ್ಕೆ ಎಷ್ಟರವರೆಗೆ ತೆಗೆದುಕೊಳ್ಳಬಹುದು ಎಂಬುದು ಮೊದಲನೆಯದು. ಹೆಚ್ಚಾದರೆ ಪಿತ್ತಜನಕಾಂಗವನ್ನೇ ಕೆಡಿಸುವ ಇಂಥ ಮಾತ್ರೆಯನ್ನು ಊರಿನ ಪೆಟ್ಟಿಗೆ ಅಂಗಡಿಯಲ್ಲೂ ಮಾರಲು ಬಿಟ್ಟಿರುವುದೇಕೆ, ಸರ್ಕಾರ ಇದನ್ನು ನಿಷೇಧಿಸಬಾರದೇ ಎಂಬುದು ಎರಡನೆಯದು.

ಈ ಎರಡಕ್ಕೂ ಒಟ್ಟಿಗೇ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಆದರೆ ಯಾವುದು ಎಷ್ಟಾದರೆ ಅತಿ ಎಂಬ ಲೆಕ್ಕ ಬಹಳ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಂಪೂರ್ಣ ನಿಷೇಧ ಸರಿಹೋಗುವುದು ಕೆಲವೇ ವಸ್ತುಗಳಿಗೆ. ಉಳಿದವುಗಳಲ್ಲಿ ಜೀವ ಉಳಿಸುವುದು ಪೊಟ್ಟಣದ ಗಾತ್ರ, ಮುಚ್ಚಳ, ಅಳತೆ ಮತ್ತು ಇಡುವ ಜಾಗ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆದ್ದರಿಂದ ಮೊದಲು ಮನೆಯ ಕೆಲಸ, ಅನಂತರ ನಿಷೇಧದ ಮಾತು.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಅಳಿಸಿಹೋಗದ ಶಾಯಿಯ ಮಾರ್ಕರ್ ಪೆನ್, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್, ಬೀಗ ಹಾಕಬಹುದಾದ ಒಂದು ಪೆಟ್ಟಿಗೆ, ಮನೆಯ ಪ್ರತಿಯೊಬ್ಬರ ಈಚಿನ ತೂಕ. ಮಕ್ಕಳ ತೂಕ ಗೊತ್ತಿಲ್ಲದಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ತೂಗಿಸಿಕೊಳ್ಳಬಹುದು.

ಹಂತ 1: ಎಲ್ಲವನ್ನೂ ಒಂದೆಡೆ ಹರಡಿ

ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು, ಮನೆಯಲ್ಲಿರುವ ಮಾತ್ರೆ, ಸಿರಪ್, ಮುಲಾಮು, ಎಣ್ಣೆ, ಪುಡಿ ಎಲ್ಲವನ್ನೂ ಹಜಾರದಲ್ಲಿ ಒಂದು ಹಳೆಯ ಪಂಚೆಯ ಮೇಲೆ ಹರಡಿ. ಫ್ರಿಜ್ಜಿನ ಮೇಲಿನ ಡಬ್ಬಿಯೊಂದನ್ನೇ ನೋಡಿ ಸುಮ್ಮನಾಗಬೇಡಿ. ಅಜ್ಜಿಯ ದಿಂಬಿನ ಕೆಳಗೆ, ದೇವರ ಗೂಡಿನ ಪಕ್ಕ, ಹೆಣ್ಣುಮಕ್ಕಳ ವ್ಯಾನಿಟಿ ಬ್ಯಾಗಿನಲ್ಲಿ, ಸ್ಕೂಟರಿನ ಸೀಟಿನ ಅಡಿಯಲ್ಲಿ, ತೋಟದ ಪಂಪ್‌ಸೆಟ್ ಮನೆಯಲ್ಲಿ ಕೂಡ ಇವು ಇರುತ್ತವೆ.

ಇಲ್ಲಿ ಎದುರಾಗುವ ಮೊದಲ ತೊಡಕು ಕತ್ತರಿಸಿದ ಸ್ಟ್ರಿಪ್. ಮೆಡಿಕಲ್ ಸ್ಟೋರಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಹತ್ತರ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತಾರೆ. ಅವಧಿ ಮುಗಿಯುವ ದಿನಾಂಕ ಅಂಗಡಿಯಲ್ಲಿ ಉಳಿದ ತುಂಡಿಗೆ ಹೋಗಿರುತ್ತದೆ. ನಿಮ್ಮ ಕೈಗೆ ಬಂದ ತುಂಡಿನ ಬೆನ್ನಿನ ಮೇಲೆ ಹೆಸರಿನ ಅರ್ಧ ಮಾತ್ರ, ‘ಮಾಲ್’ ಎಂದೋ ‘50’ ಎಂದೋ ಕಾಣುತ್ತದೆ. ಆ 50 ಎಂಬುದು 250ರ ಬಾಲವೋ 650ರ ಬಾಲವೋ ಹೇಳುವವರಿಲ್ಲ. ಗುರುತು ಸಿಗದ ಮಾತ್ರೆಯನ್ನು ಊಹೆಯ ಮೇಲೆ ಇಟ್ಟುಕೊಳ್ಳಬೇಡಿ. ಇನ್ನು ಮುಂದೆ ಹೆಸರು, ಪ್ರಮಾಣ ಮತ್ತು ದಿನಾಂಕ ಇರುವ ತುಂಡನ್ನೇ ಕೇಳಿ. ಸಾಧ್ಯವಿಲ್ಲ ಎಂದರೆ ಅಂಗಡಿಯವರಿಂದಲೇ ಕವರಿನ ಮೇಲೆ ಬರೆಸಿಕೊಳ್ಳಿ.

ಹಂತ 2: ಬ್ರ್ಯಾಂಡ್ ಹೆಸರಿನ ಕೆಳಗಿರುವ ಔಷಧದ ಹೆಸರನ್ನು ಓದಿ

ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿರುವುದು ಔಷಧದ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು. ಡೋಲೋ, ಕ್ರೋಸಿನ್, ಕ್ಯಾಲ್‌ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್ ಒಂದೇ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನೆಗಡಿಗೆ ಕೊಡುವ ಬಹುಪಾಲು ಮಾತ್ರೆಗಳಲ್ಲಿ, ಮಂಡಿನೋವಿಗೆ ಕೊಡುವ ಅಸಿಕ್ಲೋಫೆನಾಕ್ ಬೆರೆತ ಮಾತ್ರೆಗಳಲ್ಲಿ, ಟ್ರಾಮಡಾಲ್ ಬೆರೆತ ನೋವಿನ ಮಾತ್ರೆಗಳಲ್ಲಿ ಕೂಡ ಪ್ಯಾರಾಸಿಟಮಾಲ್ ಸೇರಿರುತ್ತದೆ. ಹೀಗೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿರುವುದನ್ನು ಸಂಯುಕ್ತ ಔಷಧ ಎನ್ನುತ್ತಾರೆ.

ತಿಳಿಯದೆ ಆಗುವ ಅತಿಸೇವನೆಯ ದೊಡ್ಡ ಬಾಗಿಲು ಇದೇ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ಮೂರು ಬಣ್ಣದ ಮಾತ್ರೆ ನುಂಗಿದವರು ವಾಸ್ತವವಾಗಿ ಒಂದೇ ಔಷಧವನ್ನು ಮೂರು ಸಲ ನುಂಗಿರುತ್ತಾರೆ. ನಿಮ್ಮ ಪಂಚೆಯ ಮೇಲಿರುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇರುವವನ್ನೆಲ್ಲ ಬೇರೆ ಮಾಡಿ, ಪ್ರತಿ ಸ್ಟ್ರಿಪ್ಪಿನ ಮೇಲೂ ಮಾರ್ಕರಿನಿಂದ ‘ಪ್ಯಾ’ ಎಂದು ಬರೆಯಿರಿ. ಒಂದು ಹೊತ್ತಿಗೆ ‘ಪ್ಯಾ’ ಇರುವ ಮಾತ್ರೆ ಒಂದೇ ಎಂಬ ನಿಯಮವನ್ನು ಮನೆಯವರಿಗೆಲ್ಲ ಹೇಳಿ.

ಡೆಂಗಿ ಎಂಬ ಅನುಮಾನವಿದ್ದಾಗ ಇನ್ನೊಂದು ಎಚ್ಚರ ಬೇಕು. ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಎಂಬ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಡೆಂಗಿಯಲ್ಲಿ ಇವನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಕೂಡದು. ಪ್ಯಾರಾಸಿಟಮಾಲ್ ಒಂದೇ ದಾರಿ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಆದರೆ ಒಂದೇ ದಾರಿ ಎಂದ ಮಾತ್ರಕ್ಕೆ ಜ್ವರ ಇಳಿಯುವವರೆಗೂ ನುಂಗುತ್ತಲೇ ಇರಬಹುದು ಎಂದಲ್ಲ. ಡೆಂಗಿಯಲ್ಲಿ ಪಿತ್ತಜನಕಾಂಗ ಮೊದಲೇ ಬಳಲಿರುತ್ತದೆ.

ಹಂತ 3: ಜ್ವರದ ಮಾತ್ರೆಯ ಲೆಕ್ಕವನ್ನು ಬರೆದಿಡಿ

ಆರೋಗ್ಯವಂತ ವಯಸ್ಕರಿಗೆ, ಎಲ್ಲ ಮೂಲಗಳಿಂದ ಸೇರಿ, 24 ಗಂಟೆಗಳಲ್ಲಿ ಪ್ಯಾರಾಸಿಟಮಾಲ್‌ನ ಮೇಲ್ಮಿತಿ 4,000 ಮಿ.ಗ್ರಾಂ. 500 ಮಿ.ಗ್ರಾಂನ ಮಾತ್ರೆಯಾದರೆ ಎಂಟು. 650ರದ್ದಾದರೆ ಆರಕ್ಕೇ 3,900 ಆಗಿಬಿಡುತ್ತದೆ. ಇದು ದಾಟಬಾರದ ಗೆರೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಸಾಮಾನ್ಯ ಜ್ವರಕ್ಕೆ ಇದಕ್ಕಿಂತ ಬಹಳ ಕಡಿಮೆಯೇ ಸಾಕಾಗುತ್ತದೆ. ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ 500ರದ್ದಾದರೆ ಕನಿಷ್ಠ 4 ಗಂಟೆ, 650ರದ್ದಾದರೆ 6 ಗಂಟೆ ಅಂತರವಿರಲಿ.

ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ನಮ್ಮಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಕಬ್ಬಿನ ಗದ್ದೆಯಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳ ತೂಕ 40 ಕಿಲೋ ಆಸುಪಾಸಿನಲ್ಲಿರುತ್ತದೆ. 50 ಕಿಲೋಗಿಂತ ಕಡಿಮೆ ತೂಕದವರಿಗೆ ಒಂದು ಹೊತ್ತಿಗೆ ಕಿಲೋಗೆ 15 ಮಿ.ಗ್ರಾಂ, ಇಡೀ ದಿನಕ್ಕೆ ಕಿಲೋಗೆ 60 ಮಿ.ಗ್ರಾಂ ಎಂದು ಹಿಡಿದರೆ ಕ್ಷೇಮ. ಅಂದರೆ 40 ಕಿಲೋ ತೂಕದವರಿಗೆ ಒಂದು ಹೊತ್ತಿಗೆ 600, ದಿನಕ್ಕೆ 2,400 ಮಿ.ಗ್ರಾಂ. ಯಜಮಾನರಿಗೆ ಕೊಟ್ಟ 650ರ ಮಾತ್ರೆಯನ್ನು ಅಷ್ಟೇ ಸಲ ಹೆಂಡತಿಯೂ ನುಂಗಿದರೆ ಅದು ಅವರಿಗೆ ಹೆಚ್ಚೇ. ದಿನವೂ ಮದ್ಯ ಕುಡಿಯುವವರು, ಕಾಮಾಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಹಲವು ದಿನಗಳಿಂದ ಊಟ ಬಿಟ್ಟವರು ವೈದ್ಯರನ್ನು ಕೇಳದೆ ಈ ಮಾತ್ರೆಯನ್ನು ಮುಂದುವರಿಸಬಾರದು. ಅಂಥವರಿಗೆ ವೈದ್ಯರು ದಿನದ ಮಿತಿಯನ್ನು 2,000ಕ್ಕೆ ಇಳಿಸುವುದುಂಟು.

ಹೀಗೇಕೆ ಎಂದರೆ, ಪ್ಯಾರಾಸಿಟಮಾಲ್‌ನ ಬಹುಭಾಗವನ್ನು ಪಿತ್ತಜನಕಾಂಗವು ನಿರುಪದ್ರವಿಯಾಗಿಸಿ ಮೂತ್ರದಲ್ಲಿ ಕಳಿಸುತ್ತದೆ, ಸಣ್ಣದೊಂದು ಭಾಗ ಮಾತ್ರ ವಿಷವಸ್ತುವಾಗಿ ಮಾರ್ಪಡುತ್ತದೆ. ಆ ವಿಷವನ್ನು ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಕೂಡಲೇ ಕಟ್ಟಿಹಾಕುತ್ತದೆ. ತೂಬಿನ ಅಳವಿಗೆ ಮೀರಿ ನೀರು ಬಿಟ್ಟಾಗ ನಾಲೆಯ ಏರಿ ಒಡೆಯುವಂತೆ, ಪ್ರಮಾಣ ಮೀರಿದಾಗ ಗ್ಲುಟಾಥಯೋನ್ ಖಾಲಿಯಾಗಿ ವಿಷವಸ್ತು ಪಿತ್ತಜನಕಾಂಗದ ಜೀವಕೋಶಗಳ ಮೇಲೆಯೇ ತಿರುಗುತ್ತದೆ. ಉಪವಾಸದಿಂದಲೂ ಮದ್ಯದಿಂದಲೂ ಗ್ಲುಟಾಥಯೋನ್ ದಾಸ್ತಾನು ಮೊದಲೇ ಕಡಿಮೆಯಾಗಿರುತ್ತದೆ.

ಇಲ್ಲಿ ಜನ ಮೋಸಹೋಗುವುದು ಎರಡು ಕಡೆ. ದಿನವೆಂದರೆ ಬೆಳಗಿನಿಂದ ರಾತ್ರಿ ಎಂದು ಎಣಿಸಿ, ರಾತ್ರಿ ಹನ್ನೆರಡರ ಮೇಲೆ ಹೊಸ ಲೆಕ್ಕ ಶುರುಮಾಡುವುದು ಒಂದು. ಹಿಂದಿನ 24 ಗಂಟೆಯನ್ನೇ ಎಣಿಸಬೇಕು. ಹೆಚ್ಚು ನುಂಗಿದ ಮೇಲೂ ಏನೂ ಆಗಲಿಲ್ಲವೆಂದು ನಿರಾಳವಾಗುವುದು ಇನ್ನೊಂದು. ಮೊದಲ ದಿನ ವಾಕರಿಕೆಯ ಹೊರತು ಏನೂ ಕಾಣದೆ ಇರಬಹುದು. ಪಿತ್ತಜನಕಾಂಗದ ಹಾನಿ ಹೊರಬರುವುದು ಎರಡು ಮೂರು ದಿನಗಳ ಅನಂತರ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಅದು ನುಂಗಿದ 8 ಗಂಟೆಯೊಳಗೆ ಶುರುವಾದರೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಆಗಲೂ ಅದರಿಂದ ಪ್ರಯೋಜನವಿದೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಜ್ವರ ಬಂದವರ ಹೆಸರು, ಮಾತ್ರೆ, ಪ್ರಮಾಣ, ಕೊಟ್ಟ ಹೊತ್ತು ಇಷ್ಟನ್ನೇ ಬರೆಯಿರಿ. ಕೂಡುಕುಟುಂಬದಲ್ಲಿ ಅತ್ತೆ ಕೊಟ್ಟದ್ದು ಸೊಸೆಗೆ ಗೊತ್ತಿಲ್ಲದೆ ಮಗುವಿಗೆ ಎರಡು ಸಲ ಔಷಧ ಬೀಳುವುದನ್ನು ಈ ಹಾಳೆ ತಪ್ಪಿಸುತ್ತದೆ.

ಹಂತ 4: ಮಕ್ಕಳ ಔಷಧಕ್ಕೆ ಚಮಚವನ್ನು ಮರೆತುಬಿಡಿ

ಮಕ್ಕಳ ಪ್ಯಾರಾಸಿಟಮಾಲ್ ನಮ್ಮ ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ: 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವ ಸಿರಪ್, 5 ಮಿ.ಲೀ.ಗೆ 250 ಇರುವ ಸಿರಪ್, ಮತ್ತು 1 ಮಿ.ಲೀ.ಗೇ 100 ಮಿ.ಗ್ರಾಂ ಇರುವ ಡ್ರಾಪ್ಸ್. ಬಣ್ಣವೂ ಬಹಳ ಸಲ ಒಂದೇ ಥರ, ಮೂರೂ ಸಿಹಿ. ಡ್ರಾಪ್ಸ್ ಬಾಟಲಿ ಚಿಕ್ಕದಾಗಿರುವುದರಿಂದ ಅದು ಸೌಮ್ಯವಾದ ಔಷಧವೆಂದು ಎಷ್ಟೋ ತಾಯಂದಿರು ತಿಳಿದಿರುತ್ತಾರೆ. ವಾಸ್ತವದಲ್ಲಿ ಅದೇ ಎಲ್ಲಕ್ಕಿಂತ ಗಾಢವಾದದ್ದು.

10 ಕಿಲೋ ತೂಕದ ಮಗುವನ್ನು ತೆಗೆದುಕೊಳ್ಳಿ. ಕಿಲೋಗೆ 10ರಿಂದ 15 ಮಿ.ಗ್ರಾಂ ಎಂಬ ಲೆಕ್ಕದಲ್ಲಿ ಒಂದು ಹೊತ್ತಿಗೆ ಬೇಕಾದದ್ದು 100ರಿಂದ 150 ಮಿ.ಗ್ರಾಂ. 120ರ ಸಿರಪ್ ಆದರೆ 5 ಮಿ.ಲೀ., 250ರದ್ದಾದರೆ ಅದರ ಅರ್ಧ, ಡ್ರಾಪ್ಸ್ ಆದರೆ 1ರಿಂದ 1.5 ಮಿ.ಲೀ. ಮಾತ್ರ. ಸಿರಪ್ಪಿಗೆ ರೂಢಿಯಾದ ಕೈಯಿಂದ ಡ್ರಾಪ್ಸನ್ನೇ 5 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿ.ಗ್ರಾಂ. ಇದು ದೊಡ್ಡವರ ಒಂದು ಪೂರ್ತಿ ಮಾತ್ರೆ. ರಾತ್ರಿಯಿಡೀ ಜ್ವರವೆಂದು ಹೀಗೆ ಮೂರು ನಾಲ್ಕು ಸಲ ಕೊಟ್ಟರೆ ಪರಿಣಾಮ ಏನಾಗಬಹುದೆಂದು ವಿವರಿಸಬೇಕಾಗಿಲ್ಲ.

ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆಯದು. ಸೂಜಿಯಿಲ್ಲದ ಸಿರಿಂಜ್ ಅಥವಾ ಆ ಬಾಟಲಿಯೊಂದಿಗೇ ಬಂದ ಅಳತೆ ಮುಚ್ಚಳವನ್ನಷ್ಟೇ ಬಳಸಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಹಾಕಬೇಡಿ. ಎರಡು ಹೊತ್ತಿನ ನಡುವೆ ಕನಿಷ್ಠ 4ರಿಂದ 6 ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಔಷಧ ಹಾಕುತ್ತಾ ಕೂರದೆ ನೇರವಾಗಿ ವೈದ್ಯರ ಬಳಿಗೆ ಒಯ್ಯಬೇಕು.

ನೆಗಡಿಯ ಸಿರಪ್ಪುಗಳ ವಿಷಯದಲ್ಲಿ ಒಂದು ಮಾತು. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ನಮೂದಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಅಕ್ಕನ ಮಗುವಿಗೆ ಬರೆದುಕೊಟ್ಟ ಬಾಟಲಿಯಲ್ಲಿ ಉಳಿದದ್ದನ್ನು ತಂಗಿಯ ಮಗುವಿಗೆ ಹಾಕುವ ಪದ್ಧತಿ ನಿಲ್ಲಬೇಕು.

ಹಂತ 5: ಶಕ್ತಿಯ ಮಾತ್ರೆಗಳನ್ನು ಔಷಧದ ಗುಂಪಿಗೇ ಸೇರಿಸಿ

ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ, ಶಾಲೆಯಲ್ಲಿ ಹದಿಹರೆಯದವರಿಗೆ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದವು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮಲ್ಲಿ ಇವುಗಳಿಂದ ಆಗುತ್ತಿರುವ ಉಪಕಾರ ದೊಡ್ಡದು, ತಪ್ಪದೆ ನುಂಗಬೇಕು. ಆದರೆ ಅವೇ ಮಾತ್ರೆಗಳು ನೋಡಲು ಪೆಪ್ಪರಮೆಂಟಿನಂತೆ ಇರುವುದರಿಂದ, ಅಮ್ಮ ದಿನವೂ ನುಂಗುವುದನ್ನು ನೋಡಿದ ಎರಡು ವರ್ಷದ ಮಗು ಕೈಗೆ ಸಿಕ್ಕಷ್ಟನ್ನೂ ಬಾಯಿಗೆ ಹಾಕಿಕೊಳ್ಳಬಹುದು. ಬಸುರಿಯಿರುವ ಮನೆಯಲ್ಲಿ ಬಹಳ ಸಲ ಪುಟ್ಟ ಮಗುವೂ ಇರುತ್ತದೆ ಎಂಬುದನ್ನು ನೆನಪಿಡಬೇಕು.

ಕಬ್ಬಿಣದ ವಿಷಬಾಧೆಯ ಮೋಸದ ಲಕ್ಷಣವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. ಅನಂತರ ಮಗು ಸುಧಾರಿಸಿಕೊಂಡಂತೆ ಕಾಣುತ್ತದೆ, ಆಟವಾಡಲೂಬಹುದು. ಆ ಬಿಡುವಿನ ಹೊತ್ತಿನಲ್ಲಿಯೇ ಕಬ್ಬಿಣ ಒಳಗಿನ ಅಂಗಗಳನ್ನು ಕೆಡಿಸುತ್ತಿರುತ್ತದೆ, ಮರುದಿನದ ಹೊತ್ತಿಗೆ ಮಗು ಕುಸಿಯಬಹುದು. ವಾಂತಿಯಾಗಿ ಎಲ್ಲ ಹೋಯಿತು, ಈಗ ಹುಷಾರಾಗಿದೆ ಎಂದು ಆಸ್ಪತ್ರೆಯ ದಾರಿಯಿಂದ ಹಿಂದಿರುಗಬೇಡಿ.

ವಿಟಮಿನ್ ಡಿ ವಿಷಯದಲ್ಲಿ ತಪ್ಪು ಮಾಡುವವರು ದೊಡ್ಡವರೇ. 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಗಳಿಗೆ ಮಾತ್ರ ಬರೆಯುತ್ತಾರೆ. ಅದನ್ನು ದಿನಕ್ಕೊಂದು ಎಂದು ತಿಳಿದೋ, ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದೋ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಂಕು ಕವಿಯುವುದು ಇದರ ಲಕ್ಷಣಗಳು, ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ. ಇದು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ.

ಅಜ್ಜ ಅಜ್ಜಿಯರ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಾತ್ರೆಗಳನ್ನೂ ಇದೇ ಹಂತದಲ್ಲಿ ಎತ್ತಿಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳಂಥ ಮಾತ್ರೆಗಳು ಪುಟ್ಟ ಮಕ್ಕಳ ರಕ್ತದ ಸಕ್ಕರೆಯನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತವೆ, ಅದೂ ತಡವಾಗಿ. ಒಂದೇ ಮಾತ್ರೆ ತಾನೇ ಎಂದು ಬಿಡುವಂತಿಲ್ಲ.

ಹಂತ 6: ಉಪ್ಪು, ಓ.ಆರ್.ಎಸ್., ಕಾಫಿ

ಇವು ಔಷಧದಂತೆ ಕಾಣದ ಕಾರಣ ಯಾರೂ ಎಣಿಸುವುದಿಲ್ಲ. ಮಗು ಏನಾದರೂ ನುಂಗಿತೆಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಇದನ್ನು ನಿಲ್ಲಿಸಿ. ಗಾಢ ಉಪ್ಪುನೀರು ರಕ್ತದ ಸೋಡಿಯಂ ಪ್ರಮಾಣವನ್ನು ಒಮ್ಮೆಲೇ ಏರಿಸಿ ಮಿದುಳಿಗೆ ಪೆಟ್ಟು ಕೊಡುತ್ತದೆ. ನುಂಗಿದ ವಸ್ತುವಿನಿಂದ ಅಪಾಯವೇ ಇಲ್ಲದ ಸಂದರ್ಭದಲ್ಲೂ ಉಪ್ಪುನೀರಿನಿಂದಲೇ ಸಾವು ಸಂಭವಿಸಬಹುದು.

ಓ.ಆರ್.ಎಸ್. ಪುಡಿಯಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪುಡಿ 1 ಲೀಟರ್ ನೀರಿಗೆ ಲೆಕ್ಕ ಹಾಕಿದ್ದು. ಅಂಗಡಿಯಲ್ಲಿ 200 ಮಿ.ಲೀ.ಗೆ ಸರಿಹೋಗುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಚಿಕ್ಕದರ ರೂಢಿಯಲ್ಲಿ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಉಪ್ಪಾಗುತ್ತದೆ. ಭೇದಿಯಿಂದ ನೀರು ಬತ್ತಿದ ಮಗುವಿಗೆ ಇದು ಉಲ್ಟಾ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಬರೆದ ನೀರಿನ ಅಳತೆಯನ್ನು ಪ್ರತಿ ಸಲ ಓದಿ, ಪೂರ್ತಿ ಪೊಟ್ಟಣವನ್ನು ಪೂರ್ತಿ ನೀರಿಗೆ ಒಮ್ಮೆಗೇ ಕಲಸಿ, 24 ಗಂಟೆಯೊಳಗೆ ಬಳಸಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಪಾಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮನೆಯ ಫಿಲ್ಟರ್ ಕಾಫಿಯ ಬಗ್ಗೆ ಹೆದರಬೇಕಾಗಿಲ್ಲ. ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ, ಗರ್ಭಿಣಿಯರಿಗೆ 200 ಮಿ.ಗ್ರಾಂ ಒಳಗಿನ ಕೆಫೀನ್ ಸುರಕ್ಷಿತವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯಪಟ್ಟಿದೆ. ಚಿಂತೆಯಿರುವುದು ಪರೀಕ್ಷೆಯ ಹೊತ್ತಿಗೆ ಹುಡುಗರು ಒಂದರ ಮೇಲೊಂದು ಕುಡಿಯುವ ಎನರ್ಜಿ ಡ್ರಿಂಕುಗಳು ಮತ್ತು ಜಿಮ್ಮಿಗೆ ಹೋಗುವವರು ಬಳಸುವ ಪುಡಿಗಳ ಬಗ್ಗೆ. ಕೆಲವು ಪುಡಿಗಳ ಒಂದೇ ಅಳತೆಯಲ್ಲಿ 200 ಮಿ.ಗ್ರಾಂ ಅಥವಾ ಹೆಚ್ಚು ಕೆಫೀನ್ ಇರುತ್ತದೆ. ಎದೆ ಡವಗುಟ್ಟುವುದು, ಕೈನಡುಕ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮದ್ಯದೊಂದಿಗೆ ನಿದ್ದೆ ಮಾತ್ರೆಯನ್ನಾಗಲಿ, ತೂಕಡಿಕೆ ಬರಿಸುವ ನೆಗಡಿ ಮಾತ್ರೆಯನ್ನಾಗಲಿ ಎಂದಿಗೂ ಸೇರಿಸಬಾರದು. ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು.

ಹಂತ 7: ದೇವರ ಮನೆ, ಬಚ್ಚಲು, ಕೊಟ್ಟಿಗೆ

ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಅಲ್ಪ ಪ್ರಮಾಣದಲ್ಲೇ, ಅದೂ ಬಹುಬೇಗ, ಫಿಟ್ಸ್ ಬರಿಸುತ್ತದೆ. ದೇವರಾಜ ಮಾರುಕಟ್ಟೆಯಿಂದ ತಂದ ಬಿಡಿ ಕರ್ಪೂರವನ್ನು ಆರತಿ ತಟ್ಟೆಯಲ್ಲೇ ಬಿಟ್ಟಿರುವ ಮನೆಗಳು ಎಷ್ಟೋ. ಬಿಳಿಯ ಚಿಕ್ಕ ಬಿಲ್ಲೆ, ಪಕ್ಕದಲ್ಲೇ ಕಲ್ಲುಸಕ್ಕರೆಯ ಪ್ರಸಾದ. ತೆವಳುವ ಮಗುವಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ನೀಲಗಿರಿ ಎಣ್ಣೆಯೂ ಅಷ್ಟೇ ಅಪಾಯಕಾರಿ: ನೆಗಡಿಯೆಂದು ಮಗುವಿನ ಬಾಯಿಗೂ ಮೂಗಿಗೂ ಬಿಡಬೇಡಿ. ಹುಳು ಬೀಳಲೆಂದು ಎಳೆಯ ಕೂಸಿಗೆ ಬೇವಿನ ಎಣ್ಣೆ ಕುಡಿಸುವುದರಿಂದ ಮಿದುಳು ಮತ್ತು ಪಿತ್ತಜನಕಾಂಗಕ್ಕೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಬೀರುವಿನ ನ್ಯಾಫ್ತಲಿನ್ ಗುಳಿಗೆಗಳು ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ಫಿನಾಯಿಲ್, ಆಸಿಡ್, ಕೀಟನಾಶಕಗಳನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಗದ್ದೆಯಿಂದ ಬಿಸಿಲಲ್ಲಿ ಬಂದವರು ನೀರೆಂದು ಎತ್ತಿ ಕುಡಿಯುವುದು ಆ ಬಾಟಲಿಯನ್ನೇ. ಮೂಲ ಡಬ್ಬಿಯಲ್ಲೇ ಇಡಿ, ಬೀಗ ಹಾಕಿ, ಬೇಕಾದಷ್ಟನ್ನೇ ತನ್ನಿ.

ಮನೆಯಲ್ಲಿ ಯಾರಾದರೂ ಮನಸ್ಸಿಗೆ ತೀರಾ ಕುಗ್ಗಿದ್ದರೆ, ಸಾಲದ ಚಿಂತೆಯಲ್ಲೋ ಪರೀಕ್ಷೆಯ ಫಲಿತಾಂಶದ ನೋವಿನಲ್ಲೋ ಇದ್ದರೆ, ಈ ಹಂತವನ್ನು ನಾಳೆಗೆ ಮುಂದೂಡಬೇಡಿ. ಮಾತ್ರೆ ಮತ್ತು ಕೀಟನಾಶಕಗಳನ್ನು ಅವರ ಕೈಗೆ ಸಿಗದಂತೆ ಇನ್ನೊಬ್ಬರ ಸುಪರ್ದಿಗೆ ಕೊಡಿ, ಅವರೊಡನೆ ಕೂತು ಮಾತನಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಹಂತ 8: ಹೆಚ್ಚಾಗಿಬಿಟ್ಟಿದೆ ಎಂಬ ಅನುಮಾನ ಬಂದರೆ

ಲಕ್ಷಣಗಳಿಗಾಗಿ ಕಾಯಬೇಡಿ. ವಾಂತಿ ಮಾಡಿಸಬೇಡಿ, ಸೀಮೆಎಣ್ಣೆ, ಆಸಿಡ್‌ಗಳಲ್ಲಂತೂ ವಾಂತಿಯಿಂದ ಶ್ವಾಸಕೋಶಕ್ಕೂ ಗಂಟಲಿಗೂ ಎರಡನೆಯ ಪೆಟ್ಟು ಬೀಳುತ್ತದೆ. ಹಾಲು, ಎಣ್ಣೆ, ಹುಣಸೆನೀರು ಯಾವುದೂ ಬೇಡ. ಪ್ರಜ್ಞೆ ತಪ್ಪಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಸಾರ್ವಜನಿಕರೂ ಇಲ್ಲಿ ಮಾಹಿತಿ ಪಡೆಯಬಹುದು.

ಆಸ್ಪತ್ರೆಗೆ ಹೋಗುವಾಗ ಖಾಲಿ ಸ್ಟ್ರಿಪ್, ಬಾಟಲಿ, ಡಬ್ಬಿಯನ್ನು ಒಯ್ಯಿರಿ. ಯಾವುದು, ಸುಮಾರು ಎಷ್ಟು, ಎಷ್ಟು ಹೊತ್ತಿಗೆ, ರೋಗಿಯ ತೂಕವೆಷ್ಟು ಎಂಬ ನಾಲ್ಕು ಉತ್ತರಗಳು ವೈದ್ಯರ ಅರ್ಧ ಕೆಲಸವನ್ನು ಹಗುರ ಮಾಡುತ್ತವೆ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಬೋಧನಾ ಆಸ್ಪತ್ರೆ ಸರ್ಕಾರಿ ವ್ಯವಸ್ಥೆಯಲ್ಲಿ ದೊಡ್ಡವು. ಪೊಲೀಸು, ಕೇಸು ಎಂಬ ಭಯದಿಂದ ನಿಜವನ್ನು ಮುಚ್ಚಿಟ್ಟು ‘ಊಟ ಸೇರಲಿಲ್ಲ’ ಎಂದು ಹೇಳುವವರಿದ್ದಾರೆ. ಇದರಿಂದ ಪ್ರತಿವಿಷ ಕೊಡುವ ಹೊತ್ತು ಕೈತಪ್ಪುತ್ತದೆ.

ಹಂತ 9: ಹಾಗಾದರೆ ನಿಷೇಧ?

ಒಂದು ವಸ್ತುವನ್ನು ನಿಷೇಧಿಸಬೇಕೇ ಎಂದು ತೂಗುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆಚ್ಚಾದವರನ್ನು ಚಿಕಿತ್ಸೆಯಿಂದ ಉಳಿಸಿಕೊಳ್ಳಲು ಸಾಧ್ಯವೇ? ಅದೇ ಕೆಲಸಕ್ಕೆ ಸುರಕ್ಷಿತವಾದ ಬದಲಿ ಇದೆಯೇ? ತೆಗೆದುಹಾಕಿದರೆ ಜನ ಅದರ ಬದಲಿಗೆ ಏನನ್ನು ಹಿಡಿಯುತ್ತಾರೆ?

ಅತಿವಿಷಕಾರಿ ಕೀಟನಾಶಕಗಳಿಗೆ ಈ ಪ್ರಶ್ನೆಗಳನ್ನು ಹಾಕಿದರೆ ಉತ್ತರ ನಿಷೇಧದ ಕಡೆಗೇ ಬರುತ್ತದೆ. ಶ್ರೀಲಂಕಾ 1990ರ ದಶಕದಿಂದ ಇಂಥ ಕೀಟನಾಶಕಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು, ಬೆಳೆಯ ಇಳುವರಿ ಕುಸಿಯಲಿಲ್ಲ. ಬದಲಿ ಇರುವ ಔಷಧಕ್ಕೂ ಇದೇ ಮಾತು: 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ಜ್ವರ, ನೋವಿನ ಔಷಧದ ಬಳಕೆಯನ್ನು ಭಾರತ 2011ರಲ್ಲಿ ನಿಷೇಧಿಸಿತು, ಜ್ವರಕ್ಕೆ ಪ್ಯಾರಾಸಿಟಮಾಲ್ ಇದ್ದುದರಿಂದ ಯಾವ ಮಗುವಿಗೂ ಅದರಿಂದ ನಷ್ಟವಾಗಲಿಲ್ಲ.

ಆದರೆ ಬೇಡಿಕೆ ಹಾಗೇ ಉಳಿದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿಯಿಂದ ಹಾಳಾದ ಮನೆಗಳನ್ನು ಬಲ್ಲವರು ಯಾರೂ ಆ ನಿರ್ಧಾರದ ಹಿಂದಿನ ಕಳಕಳಿಯನ್ನು ಅಲ್ಲಗಳೆಯಲಾರರು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ತಮಿಳುನಾಡಿನಲ್ಲಿ ಮೆಥನಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 2013ರಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು, ಬಾಯಿಯಲ್ಲಿ ಒಂದಾಗತೊಡಗಿದವು. ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ. ವ್ಯಸನ ಬಿಡಿಸುವ ಚಿಕಿತ್ಸೆ ಮತ್ತು ಕಳ್ಳ ಮಾರಾಟದ ಮೇಲಿನ ಕಣ್ಣು ಜೊತೆಗಿಲ್ಲದಿದ್ದರೆ ಅದರ ಹೊರೆ ಬಡವರ ಹೆಗಲಿಗೇ ಬೀಳುತ್ತದೆ.

ಪ್ಯಾರಾಸಿಟಮಾಲ್, ಕಬ್ಬಿಣದ ಮಾತ್ರೆ, ಕರ್ಪೂರ, ಓ.ಆರ್.ಎಸ್. ಇವುಗಳನ್ನು ತೆಗೆದುಹಾಕಿದರೆ ಆಗುವ ಹಾನಿಯೇ ಹೆಚ್ಚು. ಜ್ವರದ ಮಾತ್ರೆ ಸಿಗದ ಹಳ್ಳಿಯವರು ಹೊಟ್ಟೆಯಲ್ಲಿ ಹುಣ್ಣು ಮಾಡುವ, ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುವ ಮಾತ್ರೆಗಳ ಕಡೆಗೆ ಹೋಗುತ್ತಾರೆ. ಇಲ್ಲಿ ಕೆಲಸಕ್ಕೆ ಬರುವುದು ಬ್ರಿಟನ್ 1998ರಲ್ಲಿ ಹಿಡಿದ ದಾರಿ. ಅಲ್ಲಿ ಪ್ಯಾರಾಸಿಟಮಾಲನ್ನು ನಿಷೇಧಿಸಲಿಲ್ಲ. ಸಾಮಾನ್ಯ ಅಂಗಡಿಯಲ್ಲಿ ಒಂದು ಪೊಟ್ಟಣಕ್ಕೆ 16, ಔಷಧ ಅಂಗಡಿಯಲ್ಲಿ 32 ಮಾತ್ರೆ ಎಂದು ಮಿತಿ ಹಾಕಿದರು. ಅದರ ಅತಿಸೇವನೆಯಿಂದಾಗುವ ಸಾವುಗಳು ಕಡಿಮೆಯಾದವು. ಅಮೆರಿಕ 1970ರಲ್ಲಿಯೇ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳವನ್ನು ಕಾನೂನಿನ ಮೂಲಕ ತಂದಿತು. ನಮ್ಮ ಸಿರಪ್ ಬಾಟಲಿಗಳ ಮುಚ್ಚಳವನ್ನು ಮೂರು ವರ್ಷದ ಮಗುವೂ ತಿರುಗಿಸಿ ತೆಗೆಯಬಲ್ಲದು.

ಆದ್ದರಿಂದ ನಿಮ್ಮೂರಿನ ಗ್ರಾಮಸಭೆಯಲ್ಲಾಗಲಿ ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಾಗಲಿ ಈ ಮಾತು ಬಂದಾಗ, ಎಲ್ಲವನ್ನೂ ನಿಲ್ಲಿಸಿ ಎಂಬ ಒಂದು ಸಾಲಿನ ಠರಾವಿನ ಬದಲು ಹೀಗೆ ಕೇಳಿ: ಮಕ್ಕಳ ಸಿರಪ್ಪಿಗೂ ಕಬ್ಬಿಣದ ಮಾತ್ರೆಯ ಡಬ್ಬಿಗೂ ಮಕ್ಕಳು ತೆರೆಯಲಾಗದ ಮುಚ್ಚಳ ಬರಲಿ, ಲೇಬಲ್ ಮೇಲೆ ಔಷಧದ ಹೆಸರೂ ದಿನದ ಮಿತಿಯೂ ದೊಡ್ಡ ಕನ್ನಡ ಅಕ್ಷರದಲ್ಲಿರಲಿ, ಹೆಸರು, ದಿನಾಂಕವಿಲ್ಲದ ತುಂಡು ಸ್ಟ್ರಿಪ್ ಮಾರಾಟ ನಿಲ್ಲಲಿ, ಅತಿವಿಷಕಾರಿ ಕೀಟನಾಶಕಗಳ ಚಿಲ್ಲರೆ ಮಾರಾಟ ನಿಲ್ಲಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ 108, 14416 ಮತ್ತು 1800 116 117 ಸಂಖ್ಯೆಗಳನ್ನು ಬರೆಸಲಿ. ಔಷಧಕ್ಕೆ ಸಂಬಂಧಿಸಿದವನ್ನು ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗೂ ಕೀಟನಾಶಕಕ್ಕೆ ಸಂಬಂಧಿಸಿದ್ದನ್ನು ಕೃಷಿ ಇಲಾಖೆಗೂ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಸಂಘದ ಕಡತದಲ್ಲಿಡಿ. ಗೋಡೆಯ ಮೇಲಿನ ಬರಹಕ್ಕಂತೂ ಯಾರ ಆದೇಶವೂ ಬೇಕಾಗಿಲ್ಲ, ಪಂಚಾಯಿತಿಯವರು ಒಪ್ಪಿದರೆ ಈ ವಾರವೇ ಆಗಬಹುದು.